ಉಪಗ್ರಹ ತಾನಾಗಿಯೇ ಸುತ್ತುತ್ತದಲ್ಲ, ನೀವು ಕೂತು ಮಾಡುವುದೇನು?

ಪ್ರಶ್ನೆ: ಉಪಗ್ರಹ ಒಮ್ಮೆ ಕಕ್ಷೆ ಸೇರಿದರೆ ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಹಾಗಿದ್ದರೂ ಕಂಟ್ರೋಲ್ ರೂಮಿನಲ್ಲಿ ಹಗಲೂ ರಾತ್ರಿ ಎಂಜಿನಿಯರುಗಳು ಏಕೆ ಇರುತ್ತಾರೆ? ಅದನ್ನು ಕೆಳಗಿನಿಂದ ಓಡಿಸುತ್ತಾರೆಯೇ?

ಸುತ್ತುವುದಕ್ಕೆ ನಮ್ಮ ಹಂಗು ಬೇಕಿಲ್ಲ, ಆ ಮಾತು ಸರಿ. ಆದರೆ ಸುತ್ತುವುದೇ ಬೇರೆ, ಬದುಕಿರುವುದೇ ಬೇರೆ. 1958ರಲ್ಲಿ ಹಾರಿಸಿದ ವ್ಯಾನ್‌ಗಾರ್ಡ್-1 ಉಪಗ್ರಹ 1964ರಲ್ಲೇ ಮೂಕವಾಯಿತು. ಇವತ್ತಿಗೂ ಸುತ್ತುತ್ತಲೇ ಇದೆ, ಯಾರು ಕೂಗಿದರೂ ಓಗೊಡುವುದಿಲ್ಲ ಅಷ್ಟೆ. ಬದುಕಿರುವ ಉಪಗ್ರಹದ ಕಥೆ ಬೇರೆ: ಸೌರಫಲಕಕ್ಕೆ ಬಿಸಿಲು ಬೀಳುತ್ತಿರಬೇಕು, ಆಂಟೆನಾ ಭೂಮಿಯತ್ತ ಮುಖ ಮಾಡಿರಬೇಕು, ಬ್ಯಾಟರಿ ಕಾಯಬಾರದು, ಇಂಧನದ ಕೊಳವೆ ಹೆಪ್ಪುಗಟ್ಟಬಾರದು. ಇದನ್ನೆಲ್ಲ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಓಡಿಸುವುದು ಅನ್ನುವ ಮಾತು ಮಾತ್ರ ಹೊಂದುವುದಿಲ್ಲ. ಸುಮಾರು 500 ಕಿ.ಮೀ. ಎತ್ತರದ ಉಪಗ್ರಹಕ್ಕೆ ಒಂದು ಸುತ್ತಿಗೆ 95 ನಿಮಿಷ ಹಿಡಿಯುತ್ತದೆ, ದಿನಕ್ಕೆ 15 ಸುತ್ತು. ನೆಲದ ಮೇಲಿನ ನಮ್ಮ ಆಂಟೆನಾ ಕೇಂದ್ರದ, ಅಂದರೆ ಗ್ರೌಂಡ್ ಸ್ಟೇಷನ್ನಿನ, ಕಣ್ಣಿಗೆ ಅದು ಬೀಳುವುದು ಅವುಗಳಲ್ಲಿ ಕೆಲವೇ ಸುತ್ತುಗಳಲ್ಲಿ. ಬಿದ್ದಾಗಲೂ ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ. ಇದಕ್ಕೆ ನಾವು ‘ಪಾಸ್’ ಅನ್ನುತ್ತೇವೆ. ಧ್ರುವಗಳ ಮೇಲೆ ಹಾದುಹೋಗುವ ಉಪಗ್ರಹಗಳು ಪ್ರತಿ ಸುತ್ತಿನಲ್ಲೂ ಕಾಣಲಿ ಎಂದೇ ನಾರ್ವೆಯ ಸ್ವಾಲ್ಬಾರ್ಡಿನಲ್ಲಿ, 78 ಡಿಗ್ರಿ ಉತ್ತರದ ಆ ಹಿಮದಲ್ಲಿ, ಆಂಟೆನಾಗಳ ಸಾಲೇ ನಿಂತಿದೆ.

ಒಂದು ಪಾಸ್ ಹೇಗಿರುತ್ತದೆ ನೋಡಿ. ದಿಗಂತದಿಂದ ಉಪಗ್ರಹ ಮೇಲೇಳುತ್ತಿದ್ದಂತೆ ಸಿಗ್ನಲ್ ಸಿಗುತ್ತದೆ, ಟೆಲಿಮೆಟ್ರಿ, ಅಂದರೆ ಉಪಗ್ರಹ ಕಳಿಸುವ ತನ್ನ ಆರೋಗ್ಯದ ವರದಿ, ಸುರಿಯಲು ಶುರು. ವೋಲ್ಟೇಜು, ಉಷ್ಣಾಂಶ, ಉಪಗ್ರಹವನ್ನು ಬೇಕಾದ ದಿಕ್ಕಿಗೆ ತಿರುಗಿಸುವ ರಿಯಾಕ್ಷನ್ ವೀಲ್‌ಗಳ ವೇಗ, ಹೀಗೆ ಸಾವಿರಾರು ಅಂಕಿಗಳು. ಮಿತಿಯೊಳಗಿದ್ದರೆ ಹಸಿರು, ಅಂಚಿಗೆ ಬಂದರೆ ಹಳದಿ, ದಾಟಿದರೆ ಕೆಂಪು. ಒಂದು ಕಣ್ಣು ಅದರ ಮೇಲೆ. ಅಷ್ಟರಲ್ಲೇ ಕಳಿಸಬೇಕಾದ ಕಮಾಂಡ್ ಕಳಿಸಿ, ಅದು ತಲುಪಿತೆಂಬ ಉತ್ತರ ನೋಡಿ, ಕೂಡಿಟ್ಟ ಡೇಟಾ ಇಳಿಸಿಕೊಳ್ಳಬೇಕು. ಆ ತುದಿಯ ದಿಗಂತದಲ್ಲಿ ಸಿಗ್ನಲ್ ಕ್ಷೀಣಿಸುತ್ತದೆ, ಕಡಿದುಹೋಗುತ್ತದೆ. ಏನಾದರೂ ಮರೆತಿದ್ದರೆ ಮುಂದಿನ ಪಾಸ್‌ವರೆಗೆ ಕಾಯಿರಿ.

ಕಮಾಂಡುಗಳನ್ನು ಆ ಗಡಿಬಿಡಿಯಲ್ಲಿ ಯೋಚಿಸಿ ಬರೆಯುವುದಿಲ್ಲ. ಎಷ್ಟೋ ದಿನ ಮೊದಲೇ ಬರೆದು, ಸಿಮ್ಯುಲೇಟರಿನಲ್ಲಿ ಓಡಿಸಿ, ಇನ್ನೊಬ್ಬರ ಕೈಯಲ್ಲಿ ತಿದ್ದಿಸಿ ಇಟ್ಟಿರುತ್ತೇವೆ. ಹೆಚ್ಚಿನವಕ್ಕೆ ಸಮಯ ಕಟ್ಟಿರುತ್ತದೆ. ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ ಉಪಗ್ರಹ ತಾನೇ ಗಡಿಯಾರ ನೋಡಿ ಮಾಡಿಕೊಳ್ಳುತ್ತದೆ. (ಗಡಿಯಾರವೆಂದರೆ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಸಮಯ ತೋರಿಸುವ ಗಡಿಯಾರ. ಗೋಡೆಯ ಮೇಲೂ ಅದೇ. ಒಂದು ವಾರ ನೈಟ್ ಶಿಫ್ಟ್ ಮಾಡಿದರೆ ನಮ್ಮ ಊಟದ ಹೊತ್ತು ನಮಗೇ ಮರೆಯುತ್ತದೆ.) 35,786 ಕಿ.ಮೀ. ಎತ್ತರದ ಸಂವಹನ ಉಪಗ್ರಹಗಳಲ್ಲಿ ಈ ಪಾಸ್‌ನ ಧಾವಂತ ಇಲ್ಲ, ಅವು ಸದಾ ಕಣ್ಣೆದುರೇ ಇರುತ್ತವೆ. ಆದರೆ ಸೂರ್ಯ ಚಂದ್ರರು ಅವನ್ನು ಮೆಲ್ಲಗೆ ಎಳೆಯುತ್ತಿರುತ್ತಾರೆ, ಥ್ರಸ್ಟರ್ ಎಂಬ ಪುಟ್ಟ ಎಂಜಿನ್ ಉರಿಸಿ ಜಾಗಕ್ಕೆ ತಂದು ನಿಲ್ಲಿಸುತ್ತಿರಬೇಕು.

ಹಾಗಾದರೆ ಎಂಜಿನಿಯರಿಗೆ ಉಳಿಯುವ ಕಷ್ಟದ ಕೆಲಸ ಯಾವುದು? ನನ್ನ ಮಟ್ಟಿಗೆ ಒಂದೇ: ಯಾವ ಅಂಕಿ ಸುಳ್ಳು ಹೇಳುತ್ತಿದೆ ಎಂದು ಕಂಡುಹಿಡಿಯುವುದು, ಅಲ್ಲಿಯವರೆಗೆ ಕೈ ಕಟ್ಟಿಕೊಂಡಿರುವುದು. ಹೊಸದರಲ್ಲಿ ಒಂದು ಬೆಳಗಿನ ಜಾವ ಬ್ಯಾಟರಿ ಉಷ್ಣಾಂಶ ಕೆಂಪಾಯಿತು. ಹೀಟರ್ ಆಫ್ ಮಾಡುವ ಕಮಾಂಡ್ ತೆರೆದೇಬಿಟ್ಟಿದ್ದೆ. ಪಕ್ಕದಲ್ಲಿದ್ದ ಹಿರಿಯರು ಕುರ್ಚಿಯಿಂದ ಏಳಲೂ ಇಲ್ಲ. “ತಡಿಯಪ್ಪಾ, ಪಕ್ಕದ ಸೆನ್ಸರ್ ಏನು ಹೇಳ್ತಿದೆ ನೋಡು” ಅಂದರು. ಅದು ತಣ್ಣಗಿತ್ತು. ಕೆಟ್ಟಿದ್ದು ಸೆನ್ಸರ್, ಬ್ಯಾಟರಿಯಲ್ಲ.

ನನ್ನದು ಅಲ್ಲಿಗೇ ಮುಗಿಯಿತು. ಎಲ್ಲರದೂ ಹಾಗೆ ಮುಗಿಯುವುದಿಲ್ಲ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಸಾ ಮತ್ತು ಅಮೆರಿಕದ ನಾಸಾ ಸೇರಿ 1995ರ ಡಿಸೆಂಬರಿನಲ್ಲಿ ಹಾರಿಸಿದ ‘ಸೋಹೋ’ ನೌಕೆ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿತ್ತು. ಅದರಲ್ಲಿ ನೌಕೆ ಎಷ್ಟು ಹೊರಳುತ್ತಿದೆ ಎಂದು ಅಳೆಯುವ ಜೈರೋಸ್ಕೋಪ್ ಮೂರಿದ್ದವು. 1998ರ ಜೂನಿನಲ್ಲಿ, ಮಾಮೂಲಿ ನಿರ್ವಹಣೆಯ ಹೊತ್ತಿನಲ್ಲಿ, ಬದಲಾಯಿಸಿದ ಕಮಾಂಡ್ ಪಟ್ಟಿಯಿಂದ ಒಂದು ಸಾಲು ಬಿಟ್ಟುಹೋಗಿತ್ತು. ಹಾಗಾಗಿ ಒಂದು ಜೈರೋ ನಿಂತೇ ಉಳಿಯಿತು. ಇನ್ನೊಂದರ ಸೆಟ್ಟಿಂಗ್ ತಪ್ಪಿ, ಇದ್ದದ್ದಕ್ಕಿಂತ 20 ಪಟ್ಟು ಹೊರಳಾಟ ತೋರಿಸಿತು. ನೌಕೆ ಗಾಬರಿಬಿದ್ದು ತನ್ನ ತುರ್ತುಸ್ಥಿತಿಗೆ ಹೋಯಿತು. ಸೆಟ್ಟಿಂಗ್ ಸರಿಮಾಡಿದ ಮೇಲೂ ಎರಡು ಜೈರೋಗಳ ಲೆಕ್ಕ ತಾಳೆಯಾಗಲಿಲ್ಲ. ಒಂದು ಸೊನ್ನೆ ಅನ್ನುತ್ತಿದೆ, ಇನ್ನೊಂದು ಹೊರಳುತ್ತಿದೆ ಅನ್ನುತ್ತಿದೆ. ಕೆಳಗಿದ್ದವರು ಸೊನ್ನೆಯನ್ನು ನಂಬಿ ಇನ್ನೊಂದನ್ನು ಆಫ್ ಮಾಡಿದರು. ಸೊನ್ನೆ ಹೇಳುತ್ತಿದ್ದದ್ದು ನಿಂತುಹೋಗಿದ್ದ ಜೈರೋ. ಹೊರಳಾಟ ಹೆಚ್ಚಿತು, ಸೌರಫಲಕದಿಂದ ಬಿಸಿಲು ಜಾರಿತು, ಜೂನ್ 25ರಂದು ಸಂಪರ್ಕ ಕಡಿಯಿತು.

ಸೂರ್ಯನ ಸುತ್ತ ನೌಕೆ ಮುಂದೆ ಸರಿದಂತೆ ಫಲಕಗಳ ಮೇಲೆ ಮತ್ತೆ ಬಿಸಿಲು ಬಿದ್ದೀತು ಎಂಬ ಲೆಕ್ಕಾಚಾರವೊಂದೇ ಆಸರೆ. ಜುಲೈ 23ರಂದು ಪೋರ್ಟೊರಿಕೋದ ಅರೆಸಿಬೋದಲ್ಲಿದ್ದ ದೊಡ್ಡ ತಟ್ಟೆ ಆಂಟೆನಾದಿಂದ ರೇಡಾರ್ ಅಲೆ ಬಿಟ್ಟರು, ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನಿನ ಆಂಟೆನಾ ಪ್ರತಿಧ್ವನಿ ಹಿಡಿಯಿತು. ನೌಕೆ ಅಲ್ಲೇ ಇತ್ತು, ಸುಮಾರು 53 ಸೆಕೆಂಡಿಗೊಮ್ಮೆ ನಿಧಾನಕ್ಕೆ ಸುತ್ತುತ್ತಿತ್ತು. ಆಗಸ್ಟ್ 3ರಂದು ಅದರ ದನಿ ಕೇಳಿತು. ಹೆಪ್ಪುಗಟ್ಟಿದ್ದ ಹೈಡ್ರಜಿನ್ ಇಂಧನವನ್ನು ಇದ್ದ ಚೂರುಪಾರು ವಿದ್ಯುತ್ತಿನಲ್ಲಿ ವಾರಗಟ್ಟಲೆ ಕರಗಿಸಿದರು. ಸೆಪ್ಟೆಂಬರ್ 16ರಂದು ಸೋಹೋ ಮತ್ತೆ ಸೂರ್ಯನಿಗೆ ಮುಖ ಕೊಟ್ಟಿತು. ಆ ವರ್ಷ ಕಳೆಯುವುದರೊಳಗೆ ಮೂರೂ ಜೈರೋ ಕೈಕೊಟ್ಟವು. ಜೈರೋ ಇಲ್ಲದೆಯೇ ನಡೆಯುವಂತೆ 1999ರಲ್ಲಿ ಹೊಸ ಸಾಫ್ಟ್‌ವೇರ್ ಕಳಿಸಿದರು, ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಕೆಲಸ ಮಾಡಿತು. ಈ ಕಸುಬಿನ ಅತಿ ದೊಡ್ಡ ಎಡವಟ್ಟೂ ಅತಿ ದೊಡ್ಡ ಸಾಹಸವೂ ಒಂದೇ ನೌಕೆಯಲ್ಲಿ ನಡೆಯಿತು ಎಂದು ನಾನಂತೂ ಹೇಳುತ್ತೇನೆ.

ಡಿಕ್ಕಿಯ ಎಚ್ಚರಿಕೆಗಳದ್ದು ಇನ್ನೊಂದು ಕಾಟ. 2009ರ ಫೆಬ್ರವರಿ 10ರಂದು ಅಮೆರಿಕದ ಸಂವಹನ ಉಪಗ್ರಹ ಇರಿಡಿಯಂ-33 ಮತ್ತು ರಷ್ಯಾದ ಸತ್ತ ಉಪಗ್ರಹ ಕಾಸ್ಮೋಸ್-2251 ಸೈಬೀರಿಯಾದ ಮೇಲೆ ಢಿಕ್ಕಿ ಹೊಡೆದು ಚೂರಾದವು. ಈಗ ಎಚ್ಚರಿಕೆ ಬಂದರೆ ಸರಿಯಬೇಕೋ ಬೇಡವೋ ಎಂದು ಲೆಕ್ಕ ಹಾಕಬೇಕು. ಸುಮ್ಮಸುಮ್ಮನೆ ಸರಿದರೆ ಇಂಧನ ಖರ್ಚು, ಇಂಧನ ಮುಗಿದರೆ ಉಪಗ್ರಹದ ಆಯುಸ್ಸೂ ಮುಗಿದಂತೆ.

ಈ ಕೆಲಸಕ್ಕೆ ಬರಬೇಕೆನ್ನುವವರು ಕಕ್ಷೆಯ ಗಣಿತ, ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತಿರಬೇಕು, ಅದು ಇದ್ದದ್ದೇ. ನಾನು ಹೊಸಬರಲ್ಲಿ ನೋಡುವುದು ಅವರ ಲಾಗ್‌ಬುಕ್ಕನ್ನು. “ಬ್ಯಾಟರಿ ಬಿಸಿ ಇತ್ತು, ಈಗ ಸರಿಯಿದೆ” ಎಂದು ಬರೆದವರನ್ನು ಕರೆದು ಮತ್ತೆ ಬರೆಸುತ್ತೇನೆ: “02:14ಕ್ಕೆ ಬ್ಯಾಟರಿ-2ರ ಒಂದನೇ ಸೆನ್ಸರ್ ಕೆಂಪು. ಎರಡನೆಯದು ಹಸಿರು. ಕಮಾಂಡ್ ಕಳಿಸಿಲ್ಲ. 03:49ರ ಪಾಸ್‌ನಲ್ಲಿ ಎರಡನ್ನೂ ನೋಡಿ.”