ಕಂಬಿ ಕಾಣುವ ಸ್ಲ್ಯಾಬ್: ತೇಪೆ ಹಾಕುವ ಮೊದಲಿನ ಕೆಲಸ

ಸೀಲಿಂಗ್‌ನಿಂದ ಹೊಪ್ಪಳೆ ಬಿದ್ದು ಕಂಬಿ ಕಂಡಾಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಸಡಿಲವಾದದ್ದನ್ನು ಕೆರೆದು, ಕಂಬಿಗೆ ಎರಡು ಸಲ ತಂತಿ ಬ್ರಷ್ ಎಳೆದು, ಸಿಮೆಂಟ್ ಹಾಲು ಬಳಿದು ಗಾರೆ ಮೆತ್ತುತ್ತಾರೆ. ಕೆಲವು ಮಳೆಗಾಲ ಕಳೆಯುವುದರೊಳಗೆ ತೇಪೆ ಇಡಿಯಾಗಿ ಕಳಚುತ್ತದೆ, ಇಲ್ಲವೇ ಅದರ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಆಗ ಎಲ್ಲರೂ ಬೈಯುವುದು ಗಾರೆಯನ್ನು. ಆದರೆ ಹೆಚ್ಚಿನ ಸಲ ತಪ್ಪು ಇರುವುದು ಗಾರೆಯ ಹಿಂದಿನ ಮೇಲ್ಮೈಯಲ್ಲಿ. ಆ ಮೇಲ್ಮೈಯನ್ನು ಹೇಗೆ ಸಿದ್ಧ ಮಾಡಬೇಕು, ಸಿದ್ಧ ಮಾಡುವಾಗ ಮೈಮೇಲೆ ಏನೂ ಬೀಳದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಈ ಟಿಪ್ಪಣಿ. ಸಿವಿಲ್ ಡಿಪ್ಲೊಮಾ, ಐಟಿಐ ಓದುತ್ತಿರುವವರು ಮತ್ತು ಸೈಟಿಗೆ ಹೊಸದಾಗಿ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಕಾಂಕ್ರೀಟ್ ಸಿಡಿದದ್ದು ಏಕೆ

ಒಳ್ಳೆಯ ಕಾಂಕ್ರೀಟ್‌ನ ರಂಧ್ರಗಳಲ್ಲಿರುವ ನೀರು ತೀವ್ರ ಕ್ಷಾರೀಯ, ಪಿಎಚ್ 12.5ಕ್ಕಿಂತ ಮೇಲೆ. ಅಂಥ ವಾತಾವರಣದಲ್ಲಿ ಕಂಬಿಯ ಮೇಲೆ ತೆಳುವಾದ ಆಕ್ಸೈಡ್ ಪದರ ನಿಂತು ಅದನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗೆ ಇಳಿದು ಪಿಎಚ್ ಅನ್ನು 9ರ ಆಸುಪಾಸಿಗೆ ತಂದಾಗ ಆ ಪದರ ಉಳಿಯುವುದಿಲ್ಲ. ಇದು ಕಾರ್ಬೊನೇಷನ್. ಇನ್ನೊಂದು ಕಾರಣ ಕ್ಲೋರೈಡ್: ಕಡಲ ಗಾಳಿ, ಉಪ್ಪು ನೀರು, ತೊಳೆಯದ ಮರಳು. ಕ್ಲೋರೈಡ್ ಇದ್ದರೆ ಪಿಎಚ್ ಚೆನ್ನಾಗಿದ್ದರೂ ಕಂಬಿಯಲ್ಲಿ ಗುಳಿ ಬೀಳುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು. ಕವರ್ ಕಾಂಕ್ರೀಟ್, ಅಂದರೆ ಕಂಬಿಯನ್ನು ಮುಚ್ಚಿದ ಹೊರಪದರ, ಒಳಗಿನಿಂದ ತಳ್ಳಿಸಿಕೊಂಡು ಸಿಡಿಯುವುದು ಇದರಿಂದ.

ಕಾರ್ಬೊನೇಷನ್‌ನ ಆಳ ಸುಮಾರಾಗಿ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. 16 ವರ್ಷದಲ್ಲಿ 10 ಮಿ.ಮೀ. ಇಳಿದಿದ್ದರೆ 20 ಮಿ.ಮೀ. ಇಳಿಯಲು 64 ವರ್ಷ ಬೇಕು. ತಿರುಗಿಸಿ ನೋಡಿ: ಕವರ್ ಅರ್ಧವಾದರೆ ತುಕ್ಕು ಶುರುವಾಗುವವರೆಗಿನ ಅವಧಿ ಕಾಲು ಭಾಗಕ್ಕೆ ಇಳಿಯುತ್ತದೆ. ಅಚ್ಚಿಗೂ ಕಂಬಿಗೂ ನಡುವೆ ಅಂತರ ಕಾಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟ ಸ್ಲ್ಯಾಬ್‌ಗಳ ಗತಿ ಇದೇ. ಕಾಂಕ್ರೀಟ್‌ನ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಸೌಮ್ಯ ಪರಿಸರದಲ್ಲಿ ಕವರ್ 20 ಮಿ.ಮೀ., ಕರಾವಳಿಗೆ ತೆರೆದುಕೊಂಡ ಕಾಂಕ್ರೀಟ್‌ಗೆ 45 ಮಿ.ಮೀ. ಕಾರವಾರ, ಮಲ್ಪೆ ಕಡೆಯ ಹಳೆಯ ಮನೆಗಳ ಸಜ್ಜಾದಲ್ಲಿ ಕವರ್ ಅಳೆದರೆ ಈ 45 ಸಿಗುವುದು ಅಪರೂಪ.

ಕಾರಣ ಯಾವುದೆಂದು ತಿಳಿಯಲು ಫೀನಾಫ್ಥಲೀನ್ ಸಾಕು. ಆಲ್ಕೋಹಾಲ್‌ನಲ್ಲಿ ಶೇ. 1ರ ದ್ರಾವಣ. ಆಗತಾನೆ ಉಳಿಯಿಂದ ಒಡೆದ ಮುಖದ ದೂಳು ಊದಿ ಸಿಂಪಡಿಸಿ. ಕ್ಷಾರ ಉಳಿದ ಭಾಗ ಗುಲಾಬಿ, ಕಾರ್ಬೊನೇಟ್ ಆದ ಭಾಗಕ್ಕೆ ಬಣ್ಣವಿಲ್ಲ. ಡ್ರಿಲ್ ಮಾಡಿದ ತೂತಿನಲ್ಲಿ ಪರೀಕ್ಷಿಸಿದರೆ ಆಳದ ಪುಡಿ ಮೇಲೆ ಬಂದು ಎಲ್ಲ ಕಡೆ ಗುಲಾಬಿ ತೋರಿಸಿ ಮೋಸ ಮಾಡುತ್ತದೆ. ಕಂಬಿಯ ಸುತ್ತ ಗಾಢ ಗುಲಾಬಿ ಇದ್ದೂ ಕಂಬಿ ತುಕ್ಕಾಗಿದ್ದರೆ ಕ್ಲೋರೈಡ್ ಎಂದು ಅನುಮಾನಿಸಿ, ಮಾದರಿಯನ್ನು ಲ್ಯಾಬಿಗೆ ಕಳಿಸಿ.

ಸುತ್ತಿಗೆ ಎತ್ತುವ ಮೊದಲು

ಮೊದಲನೆಯದು ನೀರು. ಮೇಲೆ ತಾರಸಿ ಸೋರುತ್ತಿದ್ದರೆ, ಬಚ್ಚಲಿನ ಕೊಳವೆ ಜಿನುಗುತ್ತಿದ್ದರೆ ಅದನ್ನು ನಿಲ್ಲಿಸದೆ ಕೆಳಗಿನ ಕೆಲಸ ಶುರು ಮಾಡುವುದು ದುಡ್ಡು ದಂಡ.

ಎರಡನೆಯದು ಆಸರೆ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇಲ್ಲಿನ ತಪ್ಪಿಗೆ ಜೀವ ಹೋಗುತ್ತದೆ. ಎರಡು ಗೋಡೆಗಳ ಮೇಲೆ ಕೂತ ಸ್ಲ್ಯಾಬ್‌ನ ಮುಖ್ಯ ಕಂಬಿ ಕೆಳಗಿರುತ್ತದೆ. ಕಂಬಿಯ ಸುತ್ತ ಕಾಂಕ್ರೀಟ್ ತೆಗೆದಷ್ಟು ಉದ್ದಕ್ಕೂ ಅದರ ಹಿಡಿತ ಹೋಗುತ್ತದೆ. ಗೋಡೆಯ ಬಳಿಯ ತುದಿ ಮತ್ತು ಕಂಬಿ ಜೋಡಿಸಿದ ಲ್ಯಾಪ್ ಜಾಗ ಅತಿ ಸೂಕ್ಷ್ಮ. ಅಲ್ಲಿ ಒಡೆಯುವ ಮೊದಲು ಕೆಳಗೆ ಸ್ಟೀಲ್ ಜಾಕ್ ನಿಲ್ಲಿಸಲೇಬೇಕು, ಇಡೀ ಸ್ಲ್ಯಾಬ್ ಒಮ್ಮೆಲೇ ಒಡೆಯದೆ ಪಟ್ಟಿ ಪಟ್ಟಿಯಾಗಿ ಮುಗಿಸಬೇಕು. ಮಹಡಿ ಮನೆಯಾದರೆ ಜಾಕ್‌ನ ಭಾರ ಕೆಳಗಿನ ಸ್ಲ್ಯಾಬ್ ಮೇಲೆ ಬೀಳುತ್ತದೆ. ಅದು ತಾಳದಿದ್ದರೆ ಅದರ ಕೆಳಗೂ ಜಾಕ್, ಒಂದರ ನೇರಕ್ಕೆ ಇನ್ನೊಂದು. ಬುಡದಲ್ಲಿ ಹಲಗೆ ಹಾಕಿ.

ಸಜ್ಜಾ, ಬಾಲ್ಕನಿಗಳಲ್ಲಿ ಲೆಕ್ಕ ತಲೆಕೆಳಗು. ಅವು ಒಂದೇ ತುದಿಯಲ್ಲಿ ಹಿಡಿದ ಕ್ಯಾಂಟಿಲಿವರ್, ಮುಖ್ಯ ಕಂಬಿ ಮೇಲ್ಭಾಗದಲ್ಲಿ. ಕೆಳಗಿನಿಂದ ಹಕ್ಕಳೆ ಬಿದ್ದದ್ದನ್ನು ನೋಡಿ ಕೆಳಗಷ್ಟೇ ದುರಸ್ತಿ ಮಾಡಿ ಬರುವವರಿದ್ದಾರೆ. ನಿಜವಾದ ಅಪಾಯ ಮೇಲೆ, ಗೋಡೆಗೆ ಸೇರುವ ಬುಡದಲ್ಲಿ. ಅಲ್ಲಿ ಅಡ್ಡ ಬಿರುಕು ಇದೆಯೇ ಎಂದು ಮೊದಲು ನೋಡಿ. ಆಸರೆಯಿಲ್ಲದೆ ಆ ಬುಡದ ಮೇಲ್ಮೈ ಕೆದಕಿದರೆ ಸಜ್ಜಾ ಪೂರ್ತಿ ಮಡಚಿಕೊಂಡು ಬೀಳುತ್ತದೆ, ಮುನ್ಸೂಚನೆ ಕೊಡುವುದಿಲ್ಲ.

ಜಾಕ್ ಬಿಗಿಯಾಗಿ ತಾಗಬೇಕು, ಸ್ಲ್ಯಾಬ್ ಅನ್ನು ಎತ್ತಬಾರದು. ಸ್ಲ್ಯಾಬ್‌ನ ನಡುವೆ ಜಾಕ್ ಅನ್ನು ಹೆಚ್ಚು ತಿರುಗಿಸಿದರೆ ಕಂಬಿಯೇ ಇಲ್ಲದ ಮೇಲ್ಮುಖದಲ್ಲಿ ಸೆಳೆತ ಹುಟ್ಟಿ ತಾರಸಿ ಬಿರಿಯುತ್ತದೆ. ಕಂಬಗಳ ವಿಷಯಕ್ಕೆ ಬಂದರೆ, ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡದೆ ಕಂಬಿಯ ಹಿಂದಕ್ಕೆ ಒಡೆಯಲು ಹೋಗಬೇಡಿ.

ಮೂರನೆಯದು ಕರೆಂಟ್. ನಮ್ಮ ಮನೆಗಳಲ್ಲಿ ಫ್ಯಾನ್, ದೀಪಗಳ ಪೈಪ್ ಸ್ಲ್ಯಾಬ್ ಒಳಗೇ ಹೋಗಿರುತ್ತದೆ, ಬಹಳ ಸಲ ಕಂಬಿಗೆ ಕಟ್ಟಿದ ಹಾಗೆ. ಆ ಸರ್ಕ್ಯೂಟ್‌ನ ಎಂಸಿಬಿ ಇಳಿಸಿ, ಟೆಸ್ಟರ್‌ನಿಂದ ಖಚಿತಪಡಿಸಿಕೊಂಡು, ಬೇರೆಯವರು ಹಾಕದಂತೆ ಚೀಟಿ ಅಂಟಿಸಿ. ನಿಮ್ಮ ಯಂತ್ರಗಳಿಗೆ ಬೇರೆ ಲೈನ್, ಅದರಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ನೀರು ಬಿಟ್ಟು ಕತ್ತರಿಸುವಾಗ ಇದು ಇಲ್ಲದಿದ್ದರೆ ಕೆಲಸವೇ ಬೇಡ.

ಇನ್ನೊಂದು ಮಾತು ಹಳೆಯ ಬಣ್ಣದ ಬಗ್ಗೆ. ಭಾರತದಲ್ಲಿ ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣವನ್ನು ಒಣದಾಗಿ ಸ್ಯಾಂಡ್ ಮಾಡಬೇಡಿ, ಸುಡಬೇಡಿ. ಒದ್ದೆ ಮಾಡಿ ಕೆರೆದು, ಚೂರುಗಳನ್ನು ಹಾಳೆಯ ಮೇಲೆ ಹಿಡಿದು ಚೀಲಕ್ಕೆ ಹಾಕಿ. ಮಕ್ಕಳಿರುವ ಮನೆಯಲ್ಲಂತೂ ಕಡ್ಡಾಯ. ಒಡೆಯುವ ಜಾಗಕ್ಕೆ ತಾಗಿ ಆಸ್ಬೆಸ್ಟಾಸ್ ಶೀಟ್ ಅಥವಾ ಪೈಪ್ ಇದ್ದರೆ ಅದಕ್ಕೆ ಗ್ರೈಂಡರ್ ಮುಟ್ಟಿಸಬೇಡಿ.

ಎಲ್ಲಿಯವರೆಗೆ ಒಡೆಯಬೇಕು

ಬಿದ್ದಷ್ಟು ಜಾಗವೇ ಹಾಳಾದ ಜಾಗ ಎಂದುಕೊಳ್ಳುವುದು ಮೊದಲ ತಪ್ಪು. ಸಣ್ಣ ಸುತ್ತಿಗೆಯಿಂದ ಇಡೀ ಸೀಲಿಂಗ್ ತಟ್ಟಿ. ಗಟ್ಟಿ ಕಾಂಕ್ರೀಟ್ ಖಣಖಣ ಎನ್ನುತ್ತದೆ, ಪದರ ಬಿಟ್ಟದ್ದು ಪೊಳ್ಳಾಗಿ ಡಬ್ ಎನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡುವವರಿಗೆ ಈ ಕಿವಿ ಬೇಗ ಬರುತ್ತದೆ. ಆದರೆ ಗಿಲಾವು ಇದ್ದರೆ ಪೊಳ್ಳು ಅದರದ್ದೋ ಕಾಂಕ್ರೀಟಿನದ್ದೋ ತಿಳಿಯದು, ಹಾಗಾಗಿ ಅನುಮಾನ ಇದ್ದಲ್ಲಿ ಗಿಲಾವು ಮೊದಲು ತೆಗೆಯಿರಿ. ಸೀಮೆಸುಣ್ಣದಿಂದ ಗುರುತು ಹಾಕಿ, ಗೆರೆಯನ್ನು ಚೌಕ ಅಥವಾ ಆಯತ ಮಾಡಿ. ನಕ್ಷತ್ರದಂತೆ ಚೂಪು ಮೂಲೆಗಳಿದ್ದರೆ ಅಲ್ಲಿಂದಲೇ ಗಾರೆ ಬಿರಿಯುತ್ತದೆ.

ಗೆರೆಯ ಮೇಲೆ ಗ್ರೈಂಡರ್‌ನಿಂದ ಕನಿಷ್ಠ 10 ಮಿ.ಮೀ. ಆಳದ ನೇರ ಕಟ್ ಕೊಡಬೇಕು. ಅಂಚು ತೆಳುವಾಗುತ್ತಾ ಹೋಗಿ ಸೊನ್ನೆಯಾದರೆ ಅಲ್ಲಿ ಗಾರೆ ನೀರು ಕಳೆದುಕೊಂಡು ಪುಡಿಯಾಗುತ್ತದೆ, ಮೊದಲು ಏಳುವುದು ಅದೇ. ಹಾಗೆಂದು ಬ್ಲೇಡ್ ಆಳಕ್ಕೆ ಇಳಿಸಬೇಡಿ. ಕವರ್ 12 ಮಿ.ಮೀ. ಇರುವ ಕಡೆ 15 ಮಿ.ಮೀ. ಕಟ್ ಎಂದರೆ ಕಂಬಿಗೇ ಗಾಯ. ಒಂದೆರಡು ಕಡೆ ಉಳಿಯಿಂದ ತೆರೆದು ಕವರ್ ಅಳೆದ ಮೇಲೆ ಬ್ಲೇಡ್‌ನ ಆಳ ನಿರ್ಧರಿಸಿ. ಕತ್ತರಿಸಿದ ಅಂಚು ನುಣ್ಣಗಿರುತ್ತದೆ, ಅದನ್ನೂ ಉಳಿಯಿಂದ ಸ್ವಲ್ಪ ಒರಟು ಮಾಡಬೇಕು.

ಒಡೆಯಲು ಕೈ ಉಳಿ ಅಥವಾ ಹಗುರ ಚಿಪ್ಪಿಂಗ್ ಹ್ಯಾಮರ್ ಬಳಸಿ. ರಸ್ತೆ ಅಗೆಯುವ ಭಾರಿ ಬ್ರೇಕರ್ ತಂದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಉಳಿಯಬೇಕಾದ ಕಾಂಕ್ರೀಟ್‌ನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹರಡುತ್ತವೆ. ಗಾರೆ ಅದಕ್ಕೆ ಎಷ್ಟೇ ಗಟ್ಟಿಯಾಗಿ ಅಂಟಿದರೂ ಆ ಪುಡಿ ಪದರದೊಡನೆ ಕಳಚುತ್ತದೆ. ಕಳಚಿದ ತೇಪೆಯ ಬೆನ್ನು ತಿರುಗಿಸಿ ನೋಡಿದರೆ ಅಲ್ಲಿ ಹಳೆಯ ಕಾಂಕ್ರೀಟಿನ ತೆಳು ಚರ್ಮ ಅಂಟಿರುವುದು ಇದಕ್ಕೇ. ಕಂಬಿಗೆ ನೇರವಾಗಿ ಹೊಡೆಯಬೇಡಿ, ಅದರ ಕಂಪನ ಉದ್ದಕ್ಕೂ ಹರಿದು ದೂರದ ಹಿಡಿತವನ್ನೂ ಸಡಿಲಿಸುತ್ತದೆ.

ಅರ್ಧ ಸುತ್ತು ಕಾಣುವ ಕಂಬಿಯನ್ನು ಹಾಗೆ ಬಿಡಬಾರದು. ತುಕ್ಕಾದ ಕಂಬಿಯ ಹಿಂದೆ ಸುಮಾರು 20 ಮಿ.ಮೀ. ಜಾಗ ಬೇಕು: ಬೆರಳು ಸುತ್ತಲೂ ಆಡಬೇಕು, ಗಾರೆ ಹಿಂದೆ ತುಂಬಬೇಕು. ಉದ್ದಕ್ಕೂ ಅಷ್ಟೆ. ತುಕ್ಕು ಮುಗಿದು ಶುದ್ಧ ಕಂಬಿ ಸಿಕ್ಕ ಮೇಲೂ 50 ಮಿ.ಮೀ. ಮುಂದೆ ತೆರೆಯಿರಿ. ಮುಂಭಾಗ ಮಾತ್ರ ಹೊಸ ಗಾರೆಯಲ್ಲಿ, ಬೆನ್ನು ಹಳೆಯ ಕ್ಲೋರೈಡ್ ಕಾಂಕ್ರೀಟಿನಲ್ಲಿ ಉಳಿದರೆ ಒಂದೇ ಕಂಬಿಯಲ್ಲಿ ಸಣ್ಣ ಬ್ಯಾಟರಿ ಹುಟ್ಟಿ ಬೆನ್ನು ಕರಗುತ್ತದೆ. ತೇಪೆಯ ಹೊರ ಅಂಚಿನಲ್ಲಿ ಹೊಸ ತುಕ್ಕು ಕಾಣಿಸುವುದೂ ಇದೇ ವಿದ್ಯುತ್ ರಾಸಾಯನಿಕ ಕಾರಣಕ್ಕೆ. ಕರಾವಳಿಯಲ್ಲಿ ಸಣ್ಣ ಸಣ್ಣ ತೇಪೆಗಳು ಸೋಲುವುದರ ಗುಟ್ಟು ಇದು.

ದೂಳು ಮತ್ತು ತಲೆ

ತಲೆಯ ಮೇಲೆ ಒಡೆಯುವಾಗ ಏಣಿ ಬೇಡ, ಸಾರವೆ ಅಥವಾ ಅಗಲ ಹಲಗೆಯ ಸ್ಟ್ಯಾಂಡ್ ಬೇಕು. ಒಡೆಯುವ ಜಾಗದ ನೇರ ಕೆಳಗೆ ನಿಲ್ಲದೆ ಪಕ್ಕದಲ್ಲಿ, ಗಟ್ಟಿ ಇರುವ ಭಾಗದ ಕೆಳಗೆ ನಿಂತು ಸಡಿಲ ಕಡೆಗೆ ಸಾಗಿ. ಪೊಳ್ಳು ಪದರ ಕೆಲವೊಮ್ಮೆ ಚದರ ಮೀಟರ್ ಗಾತ್ರದಲ್ಲಿ ಒಮ್ಮೆಲೇ ಇಳಿಯುತ್ತದೆ. 25 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಎಂದರೆ 60 ಕೆ.ಜಿ., ಹೆಲ್ಮೆಟ್ ಅದನ್ನು ತಡೆಯುವುದಿಲ್ಲ.

ಕಾಂಕ್ರೀಟ್ ದೂಳಿನಲ್ಲಿ ಮರಳು, ಜಲ್ಲಿಯ ಸಿಲಿಕಾ ಇದೆ. ಶ್ವಾಸಕೋಶದ ತಳಕ್ಕೆ ಇಳಿಯುವ ಕಣಗಳು ಕಣ್ಣಿಗೆ ಕಾಣುವುದಿಲ್ಲ, ದೂಳು ಅಡಗಿತು ಎನಿಸಿದ ಮೇಲೂ ಗಾಳಿಯಲ್ಲಿ ತೇಲುತ್ತಿರುತ್ತವೆ. ಅವು ತರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಚಿಕಿತ್ಸೆ ಇಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2016ರಲ್ಲಿ ನಿಗದಿ ಮಾಡಿದ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರ್‌ಗೆ 50 ಮೈಕ್ರೊಗ್ರಾಂ. ಒಣ ಗ್ರೈಂಡಿಂಗ್ ಇದನ್ನು ಕೂಡಲೇ ದಾಟುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ ಸಮಾಧಾನಕ್ಕೆ ಅಷ್ಟೆ. ಕನಿಷ್ಠ ಎನ್95, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ. ಕತ್ತರಿಸುವಾಗ ನೀರು ಬಿಡಿ, ಬಿದ್ದ ಕಸವನ್ನು ನೀರು ಚಿಮುಕಿಸಿ ಗುಡಿಸಿ. ಮರಳಿನಿಂದ ಬ್ಲಾಸ್ಟಿಂಗ್ (ಒತ್ತಡದ ಗಾಳಿಯಲ್ಲಿ ಕಣ ಚಿಮ್ಮಿಸಿ ಸ್ವಚ್ಛ ಮಾಡುವುದು) ಬೇಡ, ಗಾರ್ನೆಟ್ ಅಥವಾ ಕಾಪರ್ ಸ್ಲ್ಯಾಗ್ ಸಿಗುತ್ತದೆ. ಅವುಗಳ ಜೊತೆಗೂ ಮಾಸ್ಕ್ ತಪ್ಪಬಾರದು, ಬ್ಲಾಸ್ಟ್ ಆಗುವ ಕಾಂಕ್ರೀಟಿನಲ್ಲೇ ಸಿಲಿಕಾ ಇದೆಯಲ್ಲ.

ಕಂಬಿ

ತಂತಿ ಬ್ರಷ್ ಮುಂಭಾಗ ಉಜ್ಜುತ್ತದೆ, ಹಿಂಭಾಗ ತಲುಪುವುದಿಲ್ಲ. ಯಂತ್ರದ ತಂತಿ ಚಕ್ರ ಇನ್ನೊಂದು ಮೋಸಗಾರ, ಗಟ್ಟಿ ತುಕ್ಕನ್ನು ತೆಗೆಯದೆ ಹೊಳಪು ಕೊಡುತ್ತದೆ. ಬ್ಲಾಸ್ಟಿಂಗ್ ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಬ್ರಷ್ ಜೊತೆ ಎಮರಿ ಪಟ್ಟಿಯನ್ನು ಕಂಬಿಯ ಹಿಂದೆ ಹಾಯಿಸಿ ಎಳೆದೆಳೆದು ಉಜ್ಜಬೇಕು. ಕ್ಲೋರೈಡ್ ಗುಳಿಗಳಿದ್ದರೆ ಶುದ್ಧ ನೀರಿನಿಂದ ತೊಳೆಯುವುದು ಕಡ್ಡಾಯ. ಉಪ್ಪು ಒಣ ಬ್ರಷ್‌ಗೆ ಹೋಗುವುದಿಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ಸುರಿದು ತುಕ್ಕು ತೆಗೆಯುವ ಅಭ್ಯಾಸ ಇದೆ. ಅದು ಕ್ಲೋರೈಡ್ ಅನ್ನು ಕೈಯಾರೆ ಒಳಗೆ ಹಾಕಿದಂತೆ.

ಸ್ವಚ್ಛವಾದ ಮೇಲೆ ವರ್ನಿಯರ್ ಹಿಡಿದು ಅತಿ ಸಣಕಲಾದ ಕಡೆ, ಏಣುಗಳ ನಡುವಿನ ತಿರುಳನ್ನು ಅಳೆಯಿರಿ. ಒಂದು ಕಂಬಿಯ ಅಡ್ಡಕೊಯ್ತದ ಶೇ. 25 ಹೋಗಿದ್ದರೆ ಹೊಸ ಕಂಬಿ ಸೇರಿಸಬೇಕಾಗುತ್ತದೆ. ಸುಮಾರು ಲೆಕ್ಕದಲ್ಲಿ 8 ಮಿ.ಮೀ. ಕಂಬಿ 6.9ಕ್ಕೆ, 10 ಮಿ.ಮೀ. 8.7ಕ್ಕೆ, 12 ಮಿ.ಮೀ. 10.4ಕ್ಕೆ ಇಳಿದರೆ ಆ ಮಿತಿ ಮುಟ್ಟಿತು. ವ್ಯಾಸ ಶೇ. 13 ಕಡಿಮೆಯಾದರೆ ಸಾಕು, ವಿಸ್ತೀರ್ಣದಲ್ಲಿ ಕಾಲು ಭಾಗ ಹೋಗಿರುತ್ತದೆ. ಕಣ್ಣಳತೆ ಇಲ್ಲಿ ನಂಬುವಂಥದ್ದಲ್ಲ. ಲ್ಯಾಪ್‌ನ ಉದ್ದ ಎಂಜಿನಿಯರ್ ಹೇಳಬೇಕು.

ಸತುವಿನ ಎಪಾಕ್ಸಿ ಪ್ರೈಮರ್ ಹಚ್ಚುವುದಾದರೆ ಹೊಳೆಯುವ ಲೋಹಕ್ಕೆ, ಅದೇ ದಿನ, ಹಿಂಭಾಗವೂ ಸೇರಿ ಸುತ್ತಲೂ ಹಚ್ಚಿ. ಪಕ್ಕದ ಕಾಂಕ್ರೀಟಿಗೆ ಬಳಿದರೆ ಅಲ್ಲಿ ಗಾರೆ ಹಿಡಿಯುವುದಿಲ್ಲ.

ಕೊನೆಯ ತೊಳೆತ, ಒದ್ದೆ

ದೂಳು ಉಳಿದ ಮೇಲ್ಮೈಗೆ ಯಾವ ದುಬಾರಿ ರಾಸಾಯನಿಕವೂ ಅಂಟುವುದಿಲ್ಲ. ಅಂಗೈ ಒತ್ತಿ ತೆಗೆದಾಗ ಬಿಳಿ ಪುಡಿ ಬರಬಾರದು. ಕಂಪ್ರೆಸರ್‌ನ ಗಾಳಿಯಲ್ಲಿ ಎಣ್ಣೆ ಬರುತ್ತದೆಯೇ ಎಂದು ಬಿಳಿ ಬಟ್ಟೆಗೆ ಊದಿ ನೋಡಿ.

ಸಿಮೆಂಟ್ ಗಾರೆಯಾದರೆ ಹಿಂದಿನ ರಾತ್ರಿಯಿಂದ ಕಾಂಕ್ರೀಟ್ ನೀರು ಕುಡಿಯಬೇಕು. ಗಾರೆ ಹಾಕುವಾಗ ಒಳಗೆ ತೇವ, ಮೇಲ್ಮೈಯಲ್ಲಿ ನೀರಿನ ಹೊಳಪಿಲ್ಲ, ಬಣ್ಣ ಗಾಢ ಬೂದು. ಒಣಗಿದ್ದರೆ ಗಾರೆಯ ನೀರನ್ನು ಹೀರಿ ಸಿಮೆಂಟ್ ಗಟ್ಟಿಯಾಗಲು ಬಿಡುವುದಿಲ್ಲ. ನೀರು ನಿಂತಿದ್ದರೆ ಅಂಟುವ ಗೆರೆಯಲ್ಲೇ ಗಾರೆ ತೆಳುವಾಗುತ್ತದೆ. ಹಳೆಯದಕ್ಕೆ ಹೊಸದನ್ನು ಅಂಟಿಸುವ ಎಪಾಕ್ಸಿ ಬಾಂಡ್ ಕೋಟ್‌ಗೆ ಸಾಮಾನ್ಯವಾಗಿ ಒಣ ಮೇಲ್ಮೈ ಬೇಕು, ಡಬ್ಬಿಯ ಜೊತೆಗಿನ ಹಾಳೆ ಓದಿ. ಎಸ್‌ಬಿಆರ್ (ಕೃತಕ ರಬ್ಬರ್) ಹಾಲು ಬಳಿದರೆ ಕೈಗೆ ಅಂಟಂಟಾಗಿರುವಾಗಲೇ ಗಾರೆ ಒತ್ತಬೇಕು. ಊಟ ಮುಗಿಸಿ ಬರುವಷ್ಟರಲ್ಲಿ ಅದು ಒಣಗಿದರೆ ಅಂಟು ಹೋಗಿ ಎರಡನ್ನೂ ಬೇರ್ಪಡಿಸುವ ಪೊರೆಯಾಗಿರುತ್ತದೆ. ಆಗ ಅದರ ಮೇಲೆ ಇನ್ನೊಂದು ಕೋಟ್ ಎಳೆಯದೆ ಕೆರೆದು ಮತ್ತೆ ಶುರು ಮಾಡಿ.

ಸವೆದ ಸಿಮೆಂಟ್ ನೆಲಕ್ಕೆ ಎಪಾಕ್ಸಿ ಹಾಕುವವರಿಗೆ ಎರಡು ಪರೀಕ್ಷೆ ಸಾಕು. ನೀರಿನ ಹನಿ ಹೀರಿಕೊಳ್ಳದೆ ಮುತ್ತಿನಂತೆ ನಿಂತರೆ ಎಣ್ಣೆ ಅಥವಾ ಮೇಣ ಇದೆ. 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪ್ ಮಾಡಿ ಕನಿಷ್ಠ 16 ಗಂಟೆ ಬಿಡಿ. ಕೆಳಗೆ ಬೆವರು ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಎಪಾಕ್ಸಿ ಗುಳ್ಳೆ ಏಳುತ್ತದೆ.

ತುಂಬುವ ಮೊದಲು ತೆರೆದ ಕಂಬಿ, ಅಳತೆ ಪಟ್ಟಿ ಎರಡೂ ಕಾಣುವಂತೆ ಪ್ರತಿ ಗುಂಡಿಯ ಫೋಟೊ ತೆಗೆದಿಡಿ. ಗಾರೆ ಕ್ಯೂರ್ ಆದ ಮೇಲೆ ಅದೇ ಸಣ್ಣ ಸುತ್ತಿಗೆಯಿಂದ ಮತ್ತೆ ತಟ್ಟಿ. ಪೊಳ್ಳು ಸದ್ದು ಬಂದ ತೇಪೆಯನ್ನು ಬಿಲ್ ಆಗುವ ಮೊದಲೇ ಒಡೆಸಿ ತೆಗೆಸಬೇಕು.