ಕುದುರೆ ‘ಬೇಡ’ ಎಂದಾಗ ಸವಾರನಿಗೆ ಕೇಳಿಸುತ್ತದೆಯೇ?

ಪ್ರಶ್ನೆ: ಕುದುರೆಯ ಬಾಯಿಗೆ ಲೋಹದ ಕಡಿವಾಣ ತೊಡಿಸಿ, ಬೆನ್ನಿಗೆ ಜೀನು ಬಿಗಿದು, ಕೈಯಲ್ಲಿ ಚಾವಟಿ ಹಿಡಿದು ಕೂರುವವರೇ ‘ಕುದುರೆಯೆಂದರೆ ನನಗೆ ಪ್ರಾಣ’ ಎನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ? ಪಳಗಿಸುವುದೂ ಸವಾರಿ ಮಾಡುವುದೂ ಹಿಂಸೆಯಲ್ಲವೇ?

ಉತ್ತರ: ಸಾಧ್ಯವಿದೆ, ತೊಡಕಿರುವುದೂ ಅಲ್ಲಿಯೇ. ಸವಾರನ ಪ್ರೀತಿ ನಿಜವೇ ಆಗಿದ್ದರೂ ಅದು ಕುದುರೆಯ ಬಾಯಿಗೂ ಬೆನ್ನಿಗೂ ತಲುಪುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಬೆನ್ನೇರಿದ ಮಾತ್ರಕ್ಕೆ ಕ್ರೌರ್ಯವೆಂದು ನಾನು ಹೇಳಲಾರೆ. ಆದರೆ ಕುದುರೆ ತನ್ನದೇ ರೀತಿಯಲ್ಲಿ ‘ಬೇಡ’ ಎಂದಾಗ ಕೇಳಿಸಿಕೊಳ್ಳದ, ಕೇಳಿಸಿದರೂ ಮೊಂಡುತನವೆಂದು ತಳ್ಳಿಹಾಕುವ ಸವಾರಿಗೆ ಬೇರೆ ಹೆಸರಿಲ್ಲ.

ಕುದುರೆಯನ್ನು ಪಳಗಿಸುವ ಬಹುತೇಕ ವಿಧಾನಗಳು ಒತ್ತಡ ಹಾಕುವುದು ಮತ್ತು ತೆಗೆಯುವುದು ಎಂಬ ಎರಡೇ ಕ್ರಿಯೆಗಳ ಮೇಲೆ ನಿಂತಿವೆ. ಸವಾರನು ಮೀನಖಂಡದಿಂದ ಪಕ್ಕೆಯನ್ನು ಮೆಲ್ಲಗೆ ಒತ್ತುತ್ತಾನೆ. ಕುದುರೆ ಒಂದು ಹೆಜ್ಜೆ ಮುಂದಿಡುತ್ತದೆ. ಆ ಕ್ಷಣವೇ ಕಾಲು ಸಡಿಲವಾಗಬೇಕು. ಕುದುರೆ ಪಾಠ ಕಲಿಯುವುದು ಆ ಸಡಿಲಿಕೆಯಿಂದ. ಹೆಜ್ಜೆ ಇಟ್ಟ ಮೇಲೂ ಒತ್ತುತ್ತಲೇ ಇದ್ದರೆ ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ತಿಳಿಯದೆ ಕೆಲವು ಒದೆಯುತ್ತವೆ, ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತವೆ. ಇನ್ನು ಕೆಲವು ಪ್ರತಿಕ್ರಿಯಿಸುವುದನ್ನೇ ಬಿಟ್ಟುಬಿಡುತ್ತವೆ. ಯಾರು ಹತ್ತಿದರೂ ಕಿವಿ ಅಲುಗಿಸದೆ ನಿಲ್ಲುವ ಕುದುರೆಯನ್ನು ‘ಎಷ್ಟು ಸಾಧು’ ಎಂದು ಹೊಗಳುವುದುಂಟು. ಸವಾರನನ್ನು ಕೆಡವುವ ಕುದುರೆಗಿಂತ ಆ ‘ಸಾಧು’ ಕುದುರೆಯನ್ನು ಕಂಡಾಗಲೇ ನನಗೆ ಹೆಚ್ಚು ಕಸಿವಿಸಿ. ನಿಜವಾಗಿ ನೆಮ್ಮದಿಯಿಂದಿರುವ ಕುದುರೆಯ ಕಿವಿಗಳು ಸುತ್ತಲಿನ ಸದ್ದಿಗೆ ಹೊರಳುತ್ತಲೇ ಇರುತ್ತವೆ.

ಅಷ್ಟು ಸೂಕ್ಷ್ಮವಾದ ಸನ್ನೆ ಅದಕ್ಕೆ ತಿಳಿಯುವುದೇ ಎಂಬ ಸಂಶಯಕ್ಕೆ ಬರ್ಲಿನ್ನಿನಲ್ಲಿ ಶತಮಾನದ ಹಿಂದೆಯೇ ಉತ್ತರ ಸಿಕ್ಕಿತ್ತು. ಲೆಕ್ಕ ಬಿಡಿಸುತ್ತದೆಂದು ಹೆಸರಾಗಿದ್ದ ಹಾನ್ಸ್ ಎಂಬ ಕುದುರೆ ಉತ್ತರ ಎಷ್ಟೋ ಅಷ್ಟು ಸಲ ಗೊರಸು ಬಡಿಯುತ್ತಿತ್ತು. ಅದನ್ನು ಪರೀಕ್ಷಿಸಿದ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ಗುಟ್ಟನ್ನು ಬಿಡಿಸಿಟ್ಟರು: ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವರ ತಲೆಯಲ್ಲಿ, ಅವರಿಗೇ ಅರಿವಿಲ್ಲದೆ, ಕೂದಲೆಳೆಯಷ್ಟು ಚಲನೆ ಆಗುತ್ತಿತ್ತು; ಅದನ್ನು ಕಂಡು ಹಾನ್ಸ್ ನಿಲ್ಲಿಸುತ್ತಿತ್ತು. ಅಂಥ ಪ್ರಾಣಿಗೆ ಚಾವಟಿಯಿಂದ ಹೇಳಬೇಕಾಗಿ ಬಂದರೆ ಕೊರತೆ ಹೇಳುವವನಲ್ಲಿದೆ. ಕುದುರೆಯ ಚರ್ಮ ದಪ್ಪ, ಏಟು ತಾಗದು ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚರ್ಮದ ಹೊರಪದರದ ದಪ್ಪದಲ್ಲಾಗಲಿ ಅಲ್ಲಿನ ನರತುದಿಗಳಲ್ಲಾಗಲಿ ಮನುಷ್ಯನಿಗೂ ಕುದುರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನು ಕಡಿವಾಣ. ಅದು ಕೂರುವುದು ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವಿನ ಖಾಲಿ ಜಾಗದಲ್ಲಿ. ಅಲ್ಲಿ ತೆಳುವಾದ ಒಸಡಿನ ಕೆಳಗೇ ಮೂಳೆಯಿದೆ. ಹಗುರವಾದ ಕೈಗೆ ಅದು ಬೆರಳಿನ ಮಾತನ್ನು ದಾಟಿಸುವ ಸಾಧನ. ಆಯತಪ್ಪಿದಾಗಲೆಲ್ಲ ಲಗಾಮಿಗೆ ಜೋತುಬೀಳುವ ಕಲಿಕೆಯ ಸವಾರನ ಕೈಯಲ್ಲಿ ಅದೇ ಹಿಂಸೆ. ನೋವಿನಿಂದ ಕುದುರೆ ಬಾಯಿ ತೆರೆಯದಂತೆ ಮೂಗಿನ ಸುತ್ತ ಪಟ್ಟಿಯನ್ನು ಬಿಗಿಯುತ್ತಾರೆ. ಪಟ್ಟಿಯೊಳಗೆ ಎರಡು ಬೆರಳು ತೂರಬೇಕೆಂಬುದು ಹಳೆಯ ನಿಯಮ. ತೂರದಿದ್ದರೆ ಕುದುರೆಯ ದೂರನ್ನೇ ಕಟ್ಟಿಹಾಕಿದಂತೆ. ತೂಕದ ವಿಷಯದಲ್ಲಿಯೂ ಮಿತಿಯಿದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಹೊರೆಯು ಕುದುರೆಯ ತೂಕದ ಶೇ 25 ಮತ್ತು 30ಕ್ಕೆ ಏರಿದಾಗ ಸ್ನಾಯುನೋವಿನ ಲಕ್ಷಣಗಳು ಹೆಚ್ಚಿದವು. ಶೇ 20ರ ಮಿತಿ, ಅಂದರೆ 500 ಕೆ.ಜಿ. ಕುದುರೆಗೆ ಜೀನೂ ಸೇರಿ 100 ಕೆ.ಜಿ., ವಾಡಿಕೆಯಲ್ಲಿದೆ. ಬೆನ್ನುಮೂಳೆಯ ಬೆಳವಣಿಗೆ ಮುಗಿಯಲು ಐದಾರು ವರ್ಷ ಬೇಕಾಗುವ ಪ್ರಾಣಿಯನ್ನು ಎರಡನೆಯ ವರ್ಷಕ್ಕೇ ಪಂದ್ಯದಲ್ಲಿ ಓಡಿಸುವ ಪದ್ಧತಿಯನ್ನು ನಾನಂತೂ ಸಮರ್ಥಿಸಲಾರೆ.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ಕುದುರೆ ಸವಾರಿಯೂ ಸೇರಿ ಐದು ಆಟಗಳ ಸ್ಪರ್ಧೆಯಾಗಿದ್ದ ಆಧುನಿಕ ಪೆಂಟಾಥ್ಲಾನಿನಲ್ಲಿ, ಒಂದು ಕುದುರೆಯ ‘ಬೇಡ’ವನ್ನು ಇಡೀ ಜಗತ್ತು ನೋಡಿತು. ಚೀಟಿಯೆತ್ತಿ ಹಂಚಿದ ಅಪರಿಚಿತ ಕುದುರೆಯೊಂದಿಗೆ ಸವಾರರಿಗೆ ಸಿಗುತ್ತಿದ್ದುದು 20 ನಿಮಿಷಗಳ ಒಡನಾಟ. ಮೊದಲ ಸವಾರಳೊಂದಿಗೇ ಹಾರಲು ನಿರಾಕರಿಸಿದ್ದ ಆ ಕುದುರೆಯ ಮೇಲೆ ಇನ್ನೊಬ್ಬಳು ಏರಿದಳು. ಅವಳು ಅಳುತ್ತ ಚಾವಟಿ ಬೀಸಿದಳು, ಬೇಲಿಯ ಆಚೆಯಿಂದ ತರಬೇತುದಾರ್ತಿ ಅದಕ್ಕೆ ಗುದ್ದಿದಳು. 2024ರ ಪ್ಯಾರಿಸ್ ಕೂಟದ ನಂತರ ಆ ಕ್ರೀಡೆಯಿಂದ ಸವಾರಿಯನ್ನೇ ತೆಗೆದುಹಾಕಲಾಯಿತು.

ಸವಾರಿಯ ಒಂದು ಗಂಟೆ ಕಳೆದು ಉಳಿಯುವ 23 ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿನದ ಬಹುಪಾಲು ಮೇಯುತ್ತಾ ಇರಬೇಕಾದ, ಹೊಟ್ಟೆಯಲ್ಲಿ ಸದಾ ಆಮ್ಲ ಸ್ರವಿಸುವ ಪ್ರಾಣಿಯನ್ನು ಹುಲ್ಲಿಲ್ಲದ ಲಾಯದಲ್ಲಿ ಒಂಟಿಯಾಗಿ ಕಟ್ಟಿದರೆ ಹೊಟ್ಟೆಹುಣ್ಣು ಹಿಡಿಯಬಹುದು.

ಕುದುರೆಯ ಅಭಿಪ್ರಾಯವನ್ನು ಕೇಳಲು ಸಾಧ್ಯವೇ ಎಂದರೆ, ನಾರ್ವೆಯ ಸಂಶೋಧಕರು ಕೇಳಿಯೇ ನೋಡಿದ್ದಾರೆ. 2016ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 23 ಕುದುರೆಗಳು, ಹಲಗೆಗಳ ಮೇಲಿನ ಗುರುತುಗಳಲ್ಲಿ ಒಂದನ್ನು ಮೂತಿಯಿಂದ ಮುಟ್ಟಿ, ಹೊದಿಕೆ ಬೇಕೋ ಬೇಡವೋ ಎಂದು ಹೇಳಲು ಕಲಿತವು. ಬೆನ್ನಿಗೆ ಸವಾರ ಬೇಕೇ ಎಂದು ಅಲ್ಲಿ ಕೇಳಿರಲಿಲ್ಲ; ಆ ಉತ್ತರವನ್ನು ಜೀನು ಬಿಗಿಯುವ ಹೊತ್ತಿನಲ್ಲಿ ನಾವೇ ಓದಬೇಕು. ಮುಂದಿನ ಸಲ ಲಾಯದಲ್ಲಿ ನಿಂತಾಗ, ಹೊಟ್ಟೆಯ ಪಟ್ಟಿ ಎಳೆಯುವ ಕೈಯನ್ನು ಬಿಟ್ಟು ಕುದುರೆಯ ಮುಖ ನೋಡಿ. ಅದು ಕಿವಿಗಳನ್ನು ಹಿಂದಕ್ಕೆ ಒತ್ತಿ ಕಚ್ಚಲು ತಿರುಗಿದರೆ ‘ಅದರ ಬುದ್ಧಿಯೇ ಹಾಗೆ’ ಎಂದು ನಗುವವರೂ ಇದ್ದಾರೆ, ಅಂದಿನ ಸವಾರಿ ನಿಲ್ಲಿಸಿ ಜೀನಿನ ಅಳತೆಯನ್ನೂ ಕುದುರೆಯ ಹೊಟ್ಟೆಯನ್ನೂ ಪರೀಕ್ಷೆ ಮಾಡಿಸುವವರೂ ಇದ್ದಾರೆ.