ನಿಂತು ತೆಗೆಸುವ ಎಕ್ಸ್‌ರೇ, ಮಲಗಿ ತೆಗೆಸುವ ಸ್ಕ್ಯಾನ್

ಮೈಸೂರಾಗಲಿ, ಮಂಡ್ಯವಾಗಲಿ, ಮಂಡಿ ನೋವೆಂದು ಮೂಳೆ ಡಾಕ್ಟರ ಹತ್ತಿರ ಬರುವ ಎಷ್ಟೋ ಜನರ ಕೈಯಲ್ಲಿ ಎಂಆರ್‌ಐ ಕವರ್ ಮೊದಲೇ ಇರುತ್ತದೆ. ರಿಪೋರ್ಟಿನಲ್ಲಿ 'ಮೆನಿಸ್ಕಸ್ ಹರಿದಿದೆ' (ಮೆನಿಸ್ಕಸ್ ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಎಂದು ಓದಿ ಅರ್ಧ ಜೀವ ಆಗಿರುತ್ತಾರೆ. ಅದಕ್ಕೂ ಮುಂಚೆ ಬೇಕಿದ್ದ, ನಿಂತು ತೆಗೆಸಿದ ಎಕ್ಸ್‌ರೇ ಮಾತ್ರ ಕವರಿನಲ್ಲಿ ಇರುವುದಿಲ್ಲ.

ಮಂಡಿಯಲ್ಲಿ ಸವೆಯುವುದು ಮೃದ್ವಸ್ಥಿ, ಅಂದರೆ ಮೂಳೆ ತುದಿಯ ನುಣುಪು ಹೊದಿಕೆ. ಎಕ್ಸ್‌ರೇಯಲ್ಲಿ ಅದು ಕಾಣದು. ಎರಡು ಮೂಳೆಗಳ ನಡುವಿನ ಕಪ್ಪು ಸಂದು ಕಾಣುತ್ತದೆ, ಆ ಸಂದು ಕಿರಿದಾದಷ್ಟೂ ಸವೆತ ಹೆಚ್ಚು. 1957ರಲ್ಲಿ ಇಂಗ್ಲೆಂಡಿನ ವೈದ್ಯರಾದ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಇದಕ್ಕೆ 0ಯಿಂದ 4ರವರೆಗೆ ಗ್ರೇಡ್ ಕೊಟ್ಟರು. ಅಂಚಿನಲ್ಲಿ ಮೂಳೆಮುಳ್ಳು ಖಚಿತವಾಗಿ ಕಂಡರೆ 2, ಮೂಳೆಗೆ ಮೂಳೆ ತಾಗುವ ಹಂತ 4. ಇವತ್ತಿನ ರಿಪೋರ್ಟುಗಳಲ್ಲೂ ಅದೇ ಅಂಕಿ.

ಆದರೆ ರೋಗಿಯನ್ನು ಮಲಗಿಸಿ ತೆಗೆದರೆ ಮೈಭಾರ ಬೀಳದೆ ಸಂದು ಅಗಲವಾಗಿ ಕಾಣುತ್ತದೆ. ಸವೆದ ಮಂಡಿಯೂ ಚೆನ್ನಾಗಿದೆ ಅನಿಸುತ್ತದೆ. ನಿಲ್ಲಿಸಿ ತೆಗೆಯಬೇಕೆಂಬುದನ್ನು 1968ರಲ್ಲಿ ಸ್ವೀಡನ್ನಿನ ವೈದ್ಯ ಆಲ್‌ಬೆಕ್ ಗಟ್ಟಿ ಮಾಡಿದರು. ನೆಟ್ಟಗೆ ನಿಂತರೂ ತೊಡೆಮೂಳೆಯ ಹಿಂಬದಿಯ ಸವೆತ ತಪ್ಪಿಸಿಕೊಳ್ಳುತ್ತಿತ್ತು. ಅದಕ್ಕಾಗಿ 1988ರಲ್ಲಿ ಬಂತು ರೋಸೆನ್‌ಬರ್ಗ್ ವ್ಯೂ: ಮಂಡಿಯನ್ನು 45 ಡಿಗ್ರಿ ಬಾಗಿಸಿ ನಿಲ್ಲಿಸಿ, ಹಿಂದಿನಿಂದ ಮುಂದಕ್ಕೆ ಕಿರಣ ಬಿಡುವುದು. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂದೆ ನೋವು ಅನ್ನುವವರಿಗೆ ಇವೆರಡೂ ಸಾಲದು, ಮಂಡಿ ಬಾಗಿಸಿ ಚಿಪ್ಪಿನ ಹಿಂದಿನ ಸಂದು ತೋರಿಸುವ ಸ್ಕೈಲೈನ್ ವ್ಯೂ ಬೇಕು.

1980ರ ದಶಕದಲ್ಲಿ ಎಂಆರ್‌ಐ ಬಂದ ಮೇಲೆ ಮೆನಿಸ್ಕಸ್ ನೇರವಾಗಿ ಕಂಡಿತು. ಆರೋಗ್ಯವಾಗಿದ್ದರೆ ಅದು ಕಪ್ಪು ತ್ರಿಕೋನ. ಒಳಗೊಂದು ಬಿಳಿ ಗೆರೆ ಕಂಡ ಮಾತ್ರಕ್ಕೆ ಹರಿದಿದೆ ಎಂದಲ್ಲ: ಗೆರೆ ಒಳಗೇ ನಿಂತರೆ ಎಂಆರ್‌ಐ ಗ್ರೇಡ್ (ಎಕ್ಸ್‌ರೇ ಗ್ರೇಡ್ ಬೇರೆ) 1 ಅಥವಾ 2, ಮೇಲ್ಮೈ ಮುಟ್ಟಿದರೆ 3. ಆ 3 ಮಾತ್ರ ನಿಜವಾಗಿ ಹರಿದದ್ದು. ಮುಟ್ಟಿದ್ದು ಸ್ಕ್ಯಾನಿನ ಒಂದೇ ಸ್ಲೈಸಿನಲ್ಲಿ (ಪದರದ ಚಿತ್ರದಲ್ಲಿ) ಕಂಡರೆ ಅನುಮಾನ, ಎರಡರಲ್ಲಿ ಕಂಡರೆ ನಂಬಬಹುದು. ರಿಪೋರ್ಟ್ ಓದುವವರು ಗ್ರೇಡ್ 2 ನೋಡಿಯೇ ಹೆದರುತ್ತಾರೆ, ಸುಮ್ಮನೆ.

ಹರಿದದ್ದು ಕಂಡ ಮೇಲೆ ಕತ್ತರಿಸುವ ಮನಸ್ಸಾಯಿತು, ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ದೂರ್ಬೀನು ಆಪರೇಷನ್ನಿಗೆ (ಆರ್ತ್ರೋಸ್ಕೊಪಿ) ಬೇಡಿಕೆ ಏರಿತು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಂಡಿ ಸವೆದ 180 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಹೊರಬಂತು. ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದರು, ಒಳಗೆ ಏನನ್ನೂ ಮುಟ್ಟಲಿಲ್ಲ. ಎರಡು ವರ್ಷವಾದರೂ ಇವರಿಗೂ ನಿಜವಾದ ಆಪರೇಷನ್ ಆದವರಿಗೂ ನೋವಿನಲ್ಲಿ ವ್ಯತ್ಯಾಸವೇ ಇಲ್ಲ! ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ 2008ರ ಅಧ್ಯಯನ ಇನ್ನೂ ಕಣ್ತೆರೆಸಿತು. 50ರಿಂದ 90 ವಯಸ್ಸಿನ 991 ಜನರ ಸ್ಕ್ಯಾನ್ ನೋಡಿದರೆ, ಮೆನಿಸ್ಕಸ್ ಹರಿದವರಲ್ಲಿ ಶೇ. 61 ಮಂದಿಗೆ ಹಿಂದಿನ ತಿಂಗಳು ಮಂಡಿ ನೋವೇ ಇರಲಿಲ್ಲ. ಎಕ್ಸ್‌ರೇಯಲ್ಲಿ ಸವೆತ ಇದ್ದವರ ಪೈಕಿ ನೋವಿದ್ದವರಲ್ಲಿ ಶೇ. 63, ನೋವಿಲ್ಲದವರಲ್ಲಿ ಶೇ. 60 ಮಂದಿಗೆ ಮೆನಿಸ್ಕಸ್ ಹರಿದಿತ್ತು. ಅಂದರೆ ವಯಸ್ಸಾದ ಮಂಡಿಯಲ್ಲಿ ಅದು ತಲೆಗೂದಲು ನರೆತ ಹಾಗೆ. 2013ರಲ್ಲಿ ಫಿನ್‌ಲೆಂಡ್, ಸವೆತವಿಲ್ಲದೆ ಮೆನಿಸ್ಕಸ್ ಮಾತ್ರ ಹರಿದ 146 ಜನರಲ್ಲೂ ಹ್ಯೂಸ್ಟನ್ನಿನಂಥದ್ದೇ ಫಲಿತಾಂಶ ಕಂಡಿತು. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿ ಸವೆತದ ಮಂಡಿಗೆ ಈ ಆಪರೇಷನ್ ಬೇಡವೆಂದೇ ಬಲವಾಗಿ ಹೇಳಿತು.

ಹಾಗಾಗಿ ಐವತ್ತು ದಾಟಿದವರಿಗೆ, ನಾಟಿ, ಕಳೆ ಎಂದು ಕುಕ್ಕರಗಾಲಲ್ಲಿ ಕೂತು ದುಡಿದವರಿಗೆ, ಮೊದಲು ಎರಡೂ ಮಂಡಿ ನಿಂತು ಎಕ್ಸ್‌ರೇ. ಚೀಟಿಯಲ್ಲಿ 'ನಿಂತು' ಎಂಬ ಪದ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಟೆಕ್ನಿಷಿಯನ್ ಟೇಬಲ್ ಮೇಲೆ ಮಲಗಿಸಬಹುದು. ಸವೆತ ಕಂಡರೆ ತೊಡೆ ಸ್ನಾಯುವಿನ ವ್ಯಾಯಾಮ, ತೂಕ ಇಳಿಸುವುದು. ಸ್ಕ್ಯಾನ್ ಅದನ್ನು ಬದಲಿಸದು.

ಬಿದ್ದೋ ತಿರುಚಿಯೋ ಮಂಡಿ ದಿಢೀರನೆ ಊದಿಕೊಂಡರೆ ಮಾತು ಬೇರೆ. ಹರಿದ ತುಂಡು ಬಕೆಟ್ ಹಿಡಿಯಂತೆ ಮಗುಚಿ ಸಂದಿಗೆ ಸಿಕ್ಕಿಕೊಂಡರೆ ಕಾಲು ಪೂರ್ತಿ ಚಾಚಲಾಗದು. ಆಗ ಎಂಆರ್‌ಐ ತಡಮಾಡದೆ ಬೇಕು. ವಾರಗಟ್ಟಲೆ ಎಣ್ಣೆ ತಿಕ್ಕುತ್ತಾ ಕೂತರೆ ಹೊಲಿದು ಉಳಿಸಬಹುದಾಗಿದ್ದ ತುಂಡೂ ಹಾಳಾಗಬಹುದು.